ರೈಡರ್ ಹರೀಶರ ಉಸಿರು ಅರ್ಧ ಅಂಕಣದಲ್ಲೇ ಮುಗಿದಿರುವ ಕುರಿತು

ಸಂಖ್ಯೆ: ಉಸಿರು/ಕಬಡ್ಡಿ/ಶಿಕಾರಿಪುರ/2
ದಿನಾಂಕ: ಬುಧವಾರ, ಚಹಾ ವಿರಾಮದ ನಂತರ

ಸುತ್ತೋಲೆ

ವಿಷಯ: ಸೊರಬ ಶಾಖೆಯ ವಿರುದ್ಧದ ನೌಕರರ ಕಬಡ್ಡಿ ಪಂದ್ಯಕ್ಕೆ ಮುನ್ನ ಸಿಬ್ಬಂದಿಯ ಶ್ವಾಸಕೋಶಗಳನ್ನು ಸುಸ್ಥಿತಿಗೆ ತರುವ ಬಗ್ಗೆ.
ಉಲ್ಲೇಖ: ತೊಗರ್ಸಿ ಮೈದಾನದಲ್ಲಿ ಭಾನುವಾರ ಕೇಳಿಬಂದ ಕೆಮ್ಮು.

ಈ ಕಚೇರಿಯ ಏಕೈಕ ರೈಡರ್ ಆದ ದ್ವಿತೀಯ ದರ್ಜೆ ಸಹಾಯಕ ಶ್ರೀ ಹರೀಶ ಅವರು ಅಭ್ಯಾಸದ ವೇಳೆ ಎದುರಾಳಿ ಅಂಕಣಕ್ಕೆ ನುಗ್ಗಿ, ‘ಕಬಡ್ಡಿ, ಕಬಡ್ಡಿ’ ಎನ್ನುತ್ತಲೇ ಉಸಿರು ಸಾಲದೆ ಮಂಡಿಯೂರಿ ಕುಳಿತಿರುತ್ತಾರೆ. ಕಾರಣ ಕೇಳಲಾಗಿ, "ಬಾಯಾಗ ಧೂಳು ಹೊಕ್ಕೈತ್ರಿ ಸರ, ಮತ್ತೇನಿಲ್ಲ" ಎಂದು ತಿಳಿಸಿರುತ್ತಾರೆ. ಸದರಿ ಧೂಳಿಗೆ ಸಿಗರೇಟಿನ ವಾಸನೆ ಇದ್ದುದು ಎಲ್ಲರ ಗಮನಕ್ಕೆ ಬಂದಿದ್ದು, ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಕೆಮ್ಮನ್ನೂ ‘ಕಬಡ್ಡಿ’ ಎಂದೇ ಎಣಿಸಬೇಕೆಂಬ ತಂಡದ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ.

2. ಪೆನ್ನಿನಂತಿದ್ದು ಮಾವಿನಹಣ್ಣಿನ ವಾಸನೆ ಬಿಡುವ ವೇಪ್ ಎಂಬ ಇ-ಸಿಗರೇಟು ದೇಶದಲ್ಲಿ ನಿಷೇಧಿತವಾದ್ದರಿಂದ, ಅದು ಈ ಕಚೇರಿಯಲ್ಲಿ ಇಲ್ಲವೆಂದೇ ಭಾವಿಸತಕ್ಕದ್ದು. ಇಲ್ಲದ ಉಪಕರಣವನ್ನು ಕಚೇರಿಯ ಕಂಪ್ಯೂಟರಿಗೆ ಸಿಕ್ಕಿಸಿ ಚಾರ್ಜ್ ಮಾಡತಕ್ಕದ್ದಲ್ಲ. ಸೇದಿದವರು ತಾವು ಹಣ್ಣು ತಿಂದಿರುವುದಾಗಿ ಘೋಷಿಸತಕ್ಕದ್ದಲ್ಲ.

3. ಶ್ವಾಸನಾಳದೊಳಗೆ ಕಸ ಗುಡಿಸುವ ಸೂಕ್ಷ್ಮ ರೋಮಗಳಿರುವುದಾಗಿ ವೈದ್ಯೆ ಡಾ. ವೇದಾ ವರದಿ ಮಾಡಿರುತ್ತಾರೆ. ಹರೀಶರಲ್ಲಿ ಇವು ಹೊಗೆಯ ಕಾರಣ ಕೆಲಸ ನಿಲ್ಲಿಸಿವೆ. ಇದನ್ನು ಅನಧಿಕೃತ ಗೈರುಹಾಜರಿ ಎನ್ನಲಾಗದು, ಅಮಾನತು ಎಂದು ಪರಿಗಣಿಸತಕ್ಕದ್ದು. ಹೊಗೆ ನಿಂತಲ್ಲಿ ಅವು ಕೆಲವು ತಿಂಗಳಲ್ಲಿ ಕರ್ತವ್ಯಕ್ಕೆ ಮರಳಬಹುದು. ಆದರೆ ಶ್ವಾಸಕೋಶದಲ್ಲಿ ಹಾಳಾದ ಎಲ್ಲವೂ ಮರಳುತ್ತದೆ ಎಂದಲ್ಲ, ತಡಮಾಡಿದಷ್ಟೂ ನಷ್ಟ ಹೆಚ್ಚು.

4. ಜನ್ಮದಲ್ಲಿ ಬೀಡಿ ಮುಟ್ಟದ ಸ್ವಚ್ಛತಾ ಸಿಬ್ಬಂದಿ ಶ್ರೀಮತಿ ಮಾಳಮ್ಮ ಅವರೂ ಸೈಕಲ್ ಸ್ಟ್ಯಾಂಡ್ ಗುಡಿಸುವಾಗ ಕೆಮ್ಮುತ್ತಿದ್ದಾರೆ. ಅಲ್ಲಿ ಸೇದುವವರು ತಾವು ಬಿಟ್ಟ ಹೊಗೆಯನ್ನು ತಾವೇ ಮನೆಗೆ ಒಯ್ಯತಕ್ಕದ್ದು. ಒಯ್ಯಲಾಗದವರು ಸೇದತಕ್ಕದ್ದಲ್ಲ.

5. ಪ್ರತಿ ಬೆಳಿಗ್ಗೆ ಆಟಗಾರರು ಮಹಡಿ ಹತ್ತಿ, ಅಲ್ಲಿಂದ ತಮ್ಮ ಹೆಸರು, ಹುದ್ದೆ ಹಾಗೂ ಸ್ವಗ್ರಾಮವನ್ನು ಒಂದೇ ಉಸಿರಿನಲ್ಲಿ ಕೂಗತಕ್ಕದ್ದು. ಹೆಸರಿಗೇ ನಿಂತವರಿಗೆ ಅರ್ಧ ದಿನದ ಹಾಜರಿ.

6. ಪಂದ್ಯವನ್ನು ಮೂರು ತಿಂಗಳು ಮುಂದೂಡಲು ಕೋರಲಾಗಿ, ಸೊರಬ ಶಾಖೆಯಿಂದ ತಕ್ಷಣವೇ ಉತ್ತರ ಬಂದಿರುತ್ತದೆ: "ಆರು ತಿಂಗಳು ಮಾಡಿ ಮಾರಾಯ್ರೆ, ನಮ್ಮೋರಿಗೂ ಉಸಿರಿಲ್ಲ." ಅದರಂತೆ ಅನುಮೋದಿಸಲಾಗಿದೆ.

7. ಕಪ್ ಸೊರಬಕ್ಕೆ ಹೋದರೆ ಮುಂದಿನ ವರ್ಷ ತರಬಹುದು. ಹರೀಶರ ಬದಲಿಗೆ ಬೇರೊಬ್ಬರು ಮಂಜೂರಾಗಿಲ್ಲ, ಆಗುವುದೂ ಬೇಡ. ಅವರು ನಮಗೆ ಬೇಕು ಎಂಬುದನ್ನು ಈ ಮೂಲಕ ಅಧಿಕೃತವಾಗಿ ತಿಳಿಯಪಡಿಸಲಾಗಿದೆ.

ಸಹಿ/-
(ಮಧುಕೇಶ್ವರ)
ಕಚೇರಿ ಅಧೀಕ್ಷಕರು ಹಾಗೂ ತಂಡದ ವ್ಯವಸ್ಥಾಪಕರು

ಪ್ರತಿಗಳು:
1. ಸೊರಬ ಶಾಖೆ: ಸಹಾನುಭೂತಿಗಾಗಿ.
2. ಹುಲಿಗೆಮ್ಮ, ಎದುರಿನ ಬೀಡಾ ಅಂಗಡಿ: ಹರೀಶರು ಬಂದಲ್ಲಿ ಬಾಳೆಹಣ್ಣು ಮಾತ್ರ ನೀಡಲು.
3. ಶ್ರೀಮತಿ ಮೀನಾ ಹರೀಶ: ಅಂಗಿ ಜೇಬಿನ ದೈನಂದಿನ ತಪಾಸಣೆಗಾಗಿ.
4. ಶ್ರೀ ಹರೀಶ: ಮನೆಯಲ್ಲಿ ಗಟ್ಟಿಯಾಗಿ ಓದಲು. ಉಸಿರು ಕಟ್ಟಿದಲ್ಲಿ ನಿಲ್ಲಿಸಿ, ಉಳಿದದ್ದನ್ನು ಆರು ತಿಂಗಳ ನಂತರ ಓದತಕ್ಕದ್ದು. ಕಚೇರಿ ಕಾಯುತ್ತದೆ.