ಬಂದೂಕಿಗೆ ದುರ್ಬೀನು ಕೊಳ್ಳಲು ಬಂದವರು

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನನ್ನದು ಬಂದೂಕು ರಿಪೇರಿಯ ಸಣ್ಣ ಅಂಗಡಿ. ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ಸ್ಕೋಪುಗಳನ್ನೂ ಮಾರುತ್ತೇನೆ. ಬೇಟೆಗೆ ಈಗ ಕಾನೂನು ಬಿಡುವುದಿಲ್ಲ. ಹೊಲಕ್ಕೆ ನುಗ್ಗುವ ಹಂದಿ ಬೆದರಿಸಲು ಲೈಸೆನ್ಸ್ ಬಂದೂಕು ಇಟ್ಟುಕೊಂಡವರೇ ನನ್ನ ಗಿರಾಕಿಗಳು. ಒಂದು ಸ್ಕೋಪು ಮಾರಾಟವಾಗುವಷ್ಟರಲ್ಲಿ ಏನಾದರೊಂದು ತಮಾಷೆ ನಡೆದೇ ತೀರುತ್ತದೆ.

ಸ್ಪಷ್ಟ ಕಂಡರೆ ಕಷ್ಟ

ಸಿರುಗುಪ್ಪದಿಂದ ಭತ್ತ ಬೆಳೆಯುವ ಹಿರಿಯರೊಬ್ಬರು ಬಂದರು. ಎರಡು ಸ್ಕೋಪು ಮುಂದಿಟ್ಟೆ. ಅಗ್ಗದ್ದರಲ್ಲಿ ನೋಟ ಸ್ವಲ್ಪ ಮಸುಕು. ದುಬಾರಿಯದ್ದರಲ್ಲಿ ನೊಣದ ರೆಕ್ಕೆಯೂ ಕಾಣುತ್ತದೆ.

“ಹೊರಗ ನೋಡ್ರಿ, ಫರಕು ಗೊತ್ತಾಗ್ತೈತಿ” ಎಂದೆ.

ದುಬಾರಿಯದ್ದನ್ನು ಕಣ್ಣಿಗಿಟ್ಟು ರಸ್ತೆಯ ತುದಿಯ ಚಹಾದಂಗಡಿಯತ್ತ ತಿರುಗಿಸಿದವರು ಹಾಗೇ ನಿಂತುಬಿಟ್ಟರು. ಆಮೇಲೆ ಫೋನ್ ಹಚ್ಚಿದರು.

“ಅಳಿಯಂದ್ರೇ, ಎಲ್ಲದೀರಿ?”

“ಹೊಸಪೇಟ್ಯಾಗ ಅದೀನ್ರಿ ಮಾವಾ, ಕೆಲಸದ ಮ್ಯಾಲೆ ಬಂದೀನಿ” ಎಂದ ದನಿ ನನಗೂ ಕೇಳಿಸಿತು.

“ಆತು, ಕೈಯಾಗಿನ ಮಿರ್ಚಿ ಆರತೈತಿ, ತಿನ್ರಿ” ಎಂದು ಫೋನಿಟ್ಟು ನನ್ನ ಕಡೆ ತಿರುಗಿದರು. “ಅಗ್ಗದ್ದೇ ಕೊಡ್ರಿ. ಇಷ್ಟು ಸ್ಪಷ್ಟ ಕಂಡ್ರ ಸಂಬಂಧ ಉಳಿಯಂಗಿಲ್ಲ.”

ಎಲ್ಲಕ್ಕಿಂತ ದೊಡ್ಡದು

ಕುರುಗೋಡಿನ ವ್ಯಾಪಾರಿಯೊಬ್ಬರಿಗೆ ಅಂಗಡಿಯಲ್ಲಿದ್ದ ಅತಿ ದೊಡ್ಡ ಸ್ಕೋಪೇ ಬೇಕಿತ್ತು. “ನಿಮ್ಮ ಹೊಲ ಸಣ್ಣದು. ಇದರಾಗ ಹತ್ತಿರದ್ದು ತೀರಾ ದೊಡ್ಡದಾಗಿ ಕಾಣ್ತೈತಿ” ಎಂದೆ. “ರೊಕ್ಕ ಕೊಡಾವ ನಾನು” ಎಂದು ಒಯ್ದರು. ಒಂದೇ ವಾರಕ್ಕೆ ವಾಪಸು ಬಂದರು.

“ಬರೇ ಕರ್ರಗ ಕಾಣ್ತೈತ್ರಿ, ಬ್ಯಾರೆ ಏನೂ ಇಲ್ಲ.”

“ಮುಚ್ಚಳ ತಗದಿದ್ರಿಲ್ಲೋ?”

“ತಗದಿದ್ದೆ. ಆ ಕಪ್ಪಿನ ಮ್ಯಾಲೆ ಕೂದಲನೂ ಕಂಡ್ವು.”

“ಹಂಗಾರ ಅದು ಹಂದೀರಿ!”

“ನಾನೂ ಹಂಗ ತಿಳಿದು ಕೂಗಿ ಬೆದರಿಸಿದೆ. ಓಡಿ ಮನೀಗೆ ಹೋತು. ನಮ್ಮ ಎಮ್ಮೀರಿ. ಅವತ್ತಿನಿಂದ ಹಾಲು ಕೊಟ್ಟಿಲ್ಲ.”

ಬಂದೂಕಿನ ಯೋಗಕ್ಷೇಮ

ರಾರಾವಿಯ ಗಂಡಹೆಂಡಿರದ್ದು ಮಾತ್ರ ನೆನೆದಾಗಲೆಲ್ಲ ನಗು ಬರುತ್ತದೆ. ಹಂದಿಗಳು ಭತ್ತ ತುಳಿದು ಹಾಕಿದ್ದಕ್ಕೆ ಇಬ್ಬರಿಗೂ ಸಂಕಟ. ಗಂಡ ದುಬಾರಿ ಸ್ಕೋಪನ್ನು ಕೂಸಿನಂತೆ ಹಿಡಿದುಕೊಂಡಿದ್ದ.

“ನೀರು ಬಿದ್ರೂ ಕೆಡಂಗಿಲ್ಲ, ಮಬ್ಬಿನಾಗೂ ಕಾಣ್ತೈತಿ” ಎಂದೆ.

ಹೆಂಡತಿ ಗಂಡನನ್ನೇ ಕೇಳಿದಳು: “ಏನ್ರೀ, ನೀವು ಹಂದೀಗೆ ಹೊಡಿತೀರೇನು?”

“ಇಲ್ಲಲೇ, ಬೆದರಸಾಕ ಮ್ಯಾಲಕ್ಕ ಹಾರಸ್ತೀನಿ.”

“ಆಕಾಶಕ್ಕ ಹೊಡ್ಯಾಕ ಗುರಿ ಯಾಕ ಬೇಕು? ತಪ್ಪಿದ್ರೂ ಆಕಾಶಕ್ಕ ಬೀಳ್ತೈತಲ್ಲ!”

ಗಂಡನ ಮುಖ ಬಾಡಿತು. ಅದನ್ನು ನೋಡಿ ಅವಳಿಗೇ ಕರುಣೆ ಬಂದು, “ಹೋಗ್ಲಿ, ಆ ಅಗ್ಗದ್ದು ಕೊಡ್ರಿ” ಎಂದಳು.

“ಬಂದೂಕು ತರ್ರಿ, ಈಗಲೇ ಕೂರಿಸಿ ಕೊಡ್ತೀನಿ” ಎಂದೆ.

ಗಂಡ ತಲೆ ಕೆರೆದುಕೊಂಡ. “ಎಲೆಕ್ಷನ್ ಬಂತಲ್ರೀ, ಪೊಲೀಸ್ ಠಾಣಾಕ್ಕ ಒಪ್ಪಿಸೀನಿ. ಮುಗಿಯೋ ತನಕ ಕೊಡಂಗಿಲ್ಲ.”

ಹೆಂಡತಿ ಸ್ಕೋಪನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

“ನಡೀರಿ. ಠಾಣಾದ ಎದುರಿಗೆ ನಮ್ಮ ಅಕ್ಕನ ಮನಿ ಐತಿ. ಮಾಳಿಗಿ ಮ್ಯಾಲೆ ಕುಂತು ನಿಮ್ಮ ಬಂದೂಕು ಆರಾಮ ಐತೋ ಇಲ್ಲೋ ದಿನಾ ನೋಡ್ಕೋರಿ.”