ಬಾವನ ಎರಡು ಲೆನ್ಸು, ನನ್ನ ಒಂದು ಫೋಟೋ

ದೊಡ್ಡವರು ಕೂತು ಆಲೋಚನೆ ಮಾಡಿದ ಕೆಲಸವೆಲ್ಲ ನಮ್ಮ ಮನೆಯಲ್ಲಿ ಎಡವಟ್ಟೇ ಆಗುವುದು. ಬೈಗಳು ಮಾತ್ರ ನನಗೆ. ಯಾಕೆಂದರೆ ನಾನು ಎಸ್ಸೆಸ್ಸೆಲ್ಸಿ ಫೇಲು, ಎರಡು ಸಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡ್ತೇನೆ.

೧. ಉದ್ದದ್ದೋ, ಅಗಲದ್ದೋ

ಅಕ್ಕನ ಗಂಡ, ನನ್ನ ಬಾವ, ಡಿಸೆಂಬರ್ ರಜೆಗೆ ದುಬಾಯಿಯಿಂದ ಬಂದರು. ಜೊತೆಗೆ ಒಂದು ಕ್ಯಾಮೆರಾ, ಎರಡು ಲೆನ್ಸು. ಒಂದು ಸೋರೆಕಾಯಿಯಷ್ಟು ಉದ್ದ, ದೂರದ್ದನ್ನು ಹತ್ತಿರ ತರುವುದು. ಇನ್ನೊಂದು ಗಿಡ್ಡ, ಇಡೀ ಗುಡ್ಡವನ್ನು ಅಗಲಕ್ಕೆ ಹಿಡಿಯುವುದು. ಗಡಾಯಿಕಲ್ಲಿನ ಗುಡ್ಡ, ಚಾರ್ಮಾಡಿ ಘಾಟಿ ಸುತ್ತುವ ಅಂತ ತೀರ್ಮಾನ. ಬ್ಯಾಗಿನಲ್ಲಿ ಒಂದಕ್ಕೇ ಜಾಗ.

"ಉದ್ದದ್ದು! ಕಾಡಿನ ಕಾಟಿಕೋಣದ ಕಣ್ಣಿನ ರೆಪ್ಪೆ ಸಿಗಬೇಕು" ಅಂದರು ಬಾವ. ಮೂಡುಬಿದಿರೆಯಿಂದ ಬಂದ ಅವರ ದೋಸ್ತಿ ಮಾಸ್ಟ್ರು, "ಅಗಲದ್ದು! ಪ್ರಕೃತಿ ಸಮಗ್ರವಾಗಿ ಬರಬೇಕು" ಅಂದರು. ಮೂರು ದಿನ ಇದೇ ಜಗಳ.

"ಯಾವುದಾದರೂ ಸರಿ, ಒಂದು ಫೋಟೋ ನಾನು ತೆಗೀತೇನೆ" ಅಂದೆ.

"ಮುಟ್ಟಿದರೆ ಕೈ ಮುರೀತೇನೆ. ಫೇಲಾದವನಿಗೆ ಲೆನ್ಸಿನ ವಿಷಯ ಎಂತ ಗೊತ್ತುಂಟು? ನೀನು ಬ್ಯಾಗು ಹೊರು."

"ಬ್ಯಾಗು ಹೊರಲಿಕ್ಕೆ ಎಷ್ಟನೇ ಕ್ಲಾಸು ಪಾಸಾಗಬೇಕು ಬಾವ?"

ಅವತ್ತೇ ಹಟ ಹಿಡಿದೆ. ಆ ಕ್ಯಾಮೆರಾದಲ್ಲಿ ನಾನು ತೆಗೆದ ಒಂದು ಫೋಟೋ ಬೀಳದೆ ಬಾವ ಓಡಿಸುವ ಜೀಪು ನಮ್ಮೂರು ಮೆಲ್ಕಾರಿಗೆ ವಾಪಸ್ ಬರುವುದಿಲ್ಲ.

೨. ಪರೀಕ್ಷೆ

ಬಾವ ತಾರಸಿಗೆ ಹತ್ತಿ ಉದ್ದದ್ದನ್ನು ಪರೀಕ್ಷೆ ಮಾಡಿದರು. ಹೆದ್ದಾರಿಯ ಆಚೆ ಹೋಟೆಲಿನ ಕಡೆ ತಿರುಗಿಸಿದವರು ಅಲ್ಲೇ ನಿಲ್ಲಿಸಿದರು. ನಾನು ಇಣುಕಿದೆ. ಸಕ್ಕರೆ ಕಾಯಿಲೆಯ ನಮ್ಮ ಅಪ್ಪ ಹಿಂದಿನ ಬೆಂಚಲ್ಲಿ ಕೂತು ಜಿಲೇಬಿ ಮುಗಿಸುತ್ತಿದ್ದರು.

ಅಪ್ಪ ಮನೆಗೆ ಬಂದದ್ದೇ ಕೇಳಿದೆ, "ಜಿಲೇಬಿ ಬಿಸಿ ಇತ್ತಾ ಅಪ್ಪ?"

"ಯಾರು ಹೇಳಿದ್ದು?"

ನಾನು ಲೆನ್ಸಿನ ಕಡೆ ಬೆರಳು ತೋರಿಸಿದೆ. ಅಪ್ಪ ಅದನ್ನು ನೋಡಿದರು, ಅಡುಗೆಮನೆಯಲ್ಲಿದ್ದ ಅಮ್ಮನನ್ನು ನೋಡಿದರು, ಆಮೇಲೆ ಬಹಳ ಗಂಭೀರವಾಗಿ ಹೇಳಿದರು: "ಅಳಿಯಂದಿರೇ, ಕಾಡಿಗೆ ಉದ್ದದ್ದು ಬೇಕೇ ಬೇಕು. ನಾಳೆಯೇ ಹೊರಡಿ."

ಮಾಸ್ಟ್ರು ಬಿಡಲಿಲ್ಲ. ಕೊನೆಗೆ ಅಗಲದ್ದು ನನ್ನ ಅಂಗಿಯ ಕಿಸೆಗೆ ಬಂತು.

೩. ಗಡಾಯಿಕಲ್ಲಿನ ವನ್ಯಮೃಗ

"ಗಾಜಿಗೆ ಬೂಸು ಹಿಡಿಯುತ್ತದೆ, ಒಣ ಜಾಗದಲ್ಲಿ ಇಡಿ" ಅಂತ ಮಾಸ್ಟ್ರು ಅಕ್ಕನಿಗೆ ಹೇಳಿದ್ದರು. ಮನೆಯಲ್ಲಿ ಎಲ್ಲಕ್ಕಿಂತ ಒಣ ಜಾಗ ಒಣಮೀನಿನ ಡಬ್ಬ. ಅಕ್ಕ ಉದ್ದದ್ದನ್ನು ರಾತ್ರಿಯಿಡೀ ಅದರಲ್ಲೇ ಇಟ್ಟಿದ್ದಳು.

ಬೆಳ್ತಂಗಡಿ ದಾಟಿ, ಚಳಿಗೆ ನಡುಗುತ್ತಾ ಗಡಾಯಿಕಲ್ಲಿನ ಬುಡದಲ್ಲಿ ಬಾವ ಮಂಡಿಯೂರಿ ಕೂತರು. "ಶಬ್ದ ಮಾಡಬೇಡಿ, ಪ್ರಾಣಿ ತಾನಾಗಿ ಬರುತ್ತದೆ."

ಬಂತು. ಒಂದಲ್ಲ, ಊರಿನ ಐದು ನಾಯಿ. ಒಂದು ಲೆನ್ಸನ್ನು ನೆಕ್ಕಲಿಕ್ಕೇ ಶುರು ಮಾಡಿತು.

"ತೆಗೀರಿ ಬಾವ!"

"ಆಗುವುದಿಲ್ಲ ಮಾರಾಯ, ಇಷ್ಟು ಹತ್ತಿರದ್ದು ಇದರಲ್ಲಿ ಫೋಕಸ್ ಆಗುವುದಿಲ್ಲ!"

೪. ಚಾರ್ಮಾಡಿಯಲ್ಲಿ

ಚಾರ್ಮಾಡಿಯಲ್ಲಿ ಬೆಳಗ್ಗೆ ಪೂರ್ತಿ ಮಂಜು. ಆದರೂ ಇಬ್ಬರಿಗೂ ಫೋಟೋದಲ್ಲಿ ನಿಲ್ಲುವ ಆಸೆ. ಇದ್ದ ಮೂರನೆಯವನು ನಾನೊಬ್ಬನೇ.

"ಒಂದು ಒತ್ತು ಮಾರಾಯ" ಅಂದರು ಬಾವ.

"ಕೈ ಮುರಿಯುವುದಿಲ್ಲವಾ?"

"ಇಲ್ಲ ಮಾರಾಯ, ಒತ್ತು!"

"ಲೆನ್ಸು ನಾನು ಹೇಳಿದ್ದು. ಉದ್ದದ್ದೇ ಇರಲಿ. ಹಿಂದೆ ಹೋಗಿ."

ಉದ್ದದ್ದರಲ್ಲಿ ಜನ ಹಿಡಿಸಬೇಕಾದರೆ ದೂರ ಹೋಗಲೇಬೇಕು. ಅವರು ಹೋದರು. "ಇನ್ನೂ ಹಿಂದೆ" ಅಂದೆ. ಗುಡ್ಡದ ಬದಿಗೇ ಕಳಿಸಿದೆ, ಕಣಿವೆಯ ಬದಿಗಲ್ಲ. ಎಷ್ಟಾದರೂ ಅಕ್ಕನ ಗಂಡ. ಇಬ್ಬರೂ ಮಂಜಿನಲ್ಲಿ ಕರಗಿಹೋದರು.

"ಕಾಣ್ತೇವಾ?" ಅಂತ ಬಿಳಿಯೊಳಗಿಂದ ಕೂಗಿದರು.

"ಚಂದ ಕಾಣ್ತೀರಿ! ಅಲ್ಲಾಡಬೇಡಿ!"

ಒಂದು ಒತ್ತಿದೆ. ಆಮೇಲೆ ಅಗಲದ್ದನ್ನು ಹಾಕಿಕೊಂಡು ರೋಲು ಮುಗಿಯುವವರೆಗೆ ನನಗೆ ಬೇಕಾದದ್ದು ತೆಗೆದೆ.

ಪ್ರಿಂಟು ಬಂತು. ಅವರಿಬ್ಬರದ್ದು ಪೂರ್ತಿ ಬಿಳಿ. "ಇದರಲ್ಲಿ ನಾವೆಲ್ಲಿ?" ಅಂದರು ಬಾವ. "ಒಳಗೆ ಇದ್ದೀರಿ" ಅಂದೆ. ಉಳಿದದ್ದರಲ್ಲಿ ಇಬ್ಬನಿ ಹಿಡಿದ ಜೇಡನ ಬಲೆ, ಮಂಜಿನಿಂದ ಅರ್ಧ ಹೊರಗೆ ಬಂದ ಬಸ್ಸು, ಒದ್ದೆ ಕಲ್ಲಿನ ಮೇಲೆ ಬಿಸಿಲು. ಮಾಸ್ಟ್ರು ಬಾಯಿ ತೆರೆದವರು ಮುಚ್ಚಲಿಲ್ಲ.

ಬಾವ ಎಲ್ಲವನ್ನೂ ಆಲ್ಬಮಿಗೆ ಹಾಕಿದರು. "ದುಬಾಯಿಯಲ್ಲಿ ರೂಮಿನವರಿಗೆ ನಾನು ತೆಗೆದದ್ದು ಅಂತಲೇ ತೋರಿಸುವುದು."

"ಧಾರಾಳ ತೋರಿಸಿ. ಬಲಗಡೆಯ ಮೂಲೆಯನ್ನೂ ತೋರಿಸಿ."

ನೋಡಿದರು. ಎಲ್ಲದರಲ್ಲೂ ಅದೇ ಮೂಲೆಯಲ್ಲಿ ಒಂದು ಕೆಂಪು ಉಂಡೆ.

"ಇದೆಂತದು?"

"ನನ್ನ ಹೆಬ್ಬೆರಳು ಬಾವ. ಫೇಲಾದವನ ಸಹಿ ಹೆಬ್ಬೆಟ್ಟೇ ಅಲ್ವಾ?"