ಮುನ್ನೂರ ಹದಿನೇಳನೆಯ ಕೋಣೆಯ ಏಳು ಅಲಾರಂಗಳ ಬಗ್ಗೆ

ಮಾನ್ಯ ಕೊಠಡಿ ಹಂಚಿಕೆ ಯಂತ್ರದವರೇ,

ಕಚೇರಿಯ ಮೂಲೆಯಲ್ಲಿ, ಕಡತದ ಬೀರುವಿನ ಪಕ್ಕ ಪ್ಲಾಸ್ಟಿಕ್ ಮುಸುಕು ಹೊದ್ದು ಕುಳಿತಿದ್ದರೂ, ನಮ್ಮ ವಿದ್ಯಾರ್ಥಿನಿ ನಿಲಯದ ಮುನ್ನೂರು ಹುಡುಗಿಯರಲ್ಲಿ ಯಾರ ಗೊರಕೆಯನ್ನು ಯಾರು ಕೇಳಬೇಕೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬಲ್ಲ ತಮಗೆ, ಮೂರನೆಯ ಮಹಡಿಯ ಮುನ್ನೂರ ಹದಿನೇಳನೆಯ ಕೋಣೆಯ ಕಿಟಕಿ ಪಕ್ಕದ ಮಂಚದವಳ ಸವಿನಯ ವಂದನೆಗಳು. ತಮ್ಮ ವೈರುಗಳೆಲ್ಲ ಕ್ಷೇಮವೆಂದೂ, ಧೂಳು ತಮ್ಮನ್ನು ಹೆಚ್ಚು ಬಾಧಿಸುತ್ತಿಲ್ಲವೆಂದೂ ನಂಬಿದ್ದೇನೆ. ನಾನು ಕಾನೂನು ಮೊದಲ ವರ್ಷದವಳು. ದೂರು ಬರೆಯುವುದು ನನಗೆ ಓದೂ ಹೌದು, ಚಟವೂ ಹೌದು. ಆ ಚಟವೇ ಈಗ ನನ್ನ ಕುತ್ತಿಗೆಗೆ ಬಂದಿರುವುದರಿಂದ ತಮಗೆ ಈ ತೊಂದರೆ ಕೊಡುತ್ತಿದ್ದೇನೆ.

ಮೊದಲಿಗೆ ತಮ್ಮ ಜಾಣ್ಮೆಯನ್ನು ಹೊಗಳದಿದ್ದರೆ ನಾಲಿಗೆಗೆ ಅನ್ಯಾಯವಾದೀತು. ಪ್ರವೇಶದ ಸಮಯದಲ್ಲಿ ತಾವು ಕೇಳುವ ನಲವತ್ತು ಪ್ರಶ್ನೆಗಳ ಅರ್ಜಿಯನ್ನು ತುಂಬಿದ್ದು ನಾನಲ್ಲ, ನನ್ನ ಅಮ್ಮ. ನಾನು ಆಗ ಮಲಗಿದ್ದೆ. ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂಬಲ್ಲಿ ‘ಐದಕ್ಕೆ, ತಾನಾಗಿಯೇ’ ಎಂದೂ, ಬಟ್ಟೆ ಮಡಚಿಡುವ ಅಭ್ಯಾಸವಿದೆಯೇ ಎಂಬಲ್ಲಿ ‘ಚಿಕ್ಕಂದಿನಿಂದಲೂ’ ಎಂದೂ, ಸ್ವಭಾವ ಎಂಬಲ್ಲಿ ‘ಮಿತಭಾಷಿ’ ಎಂದೂ ಅವರು ದುಂಡಗಿನ ಅಕ್ಷರದಲ್ಲಿ ಬರೆದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸರಿ. ಆದರೆ ಹೆಗ್ಗಣ ಐದಕ್ಕೇ ಎದ್ದು ಬಟ್ಟೆ ಮಡಚುತ್ತದೆಂದು ಸಹಿ ಹಾಕಿ ಕೊಟ್ಟವರು ಇವರೊಬ್ಬರೇ ಇರಬೇಕು. ಅತ್ತ ಇನ್ನೊಂದು ಮನೆಯಲ್ಲಿ ಇನ್ನೊಬ್ಬಳ ಅರ್ಜಿಯನ್ನು ಅವಳ ಅತ್ತಿಗೆ ತುಂಬುತ್ತಿದ್ದರು. ನಾದಿನಿ ನಿಲಯ ಸೇರಿದರೆ ಅವಳ ಕೋಣೆ ತಮಗೆ ಸಿಗುತ್ತದೆಂಬ ಸದುದ್ದೇಶದಿಂದ ಅವರೂ ‘ಐದಕ್ಕೆ’, ‘ಬಲು ಅಚ್ಚುಕಟ್ಟು’, ‘ಮನೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತಾಗುವುದೇ ಇಲ್ಲ’ ಎಂದು ಧಾರಾಳವಾಗಿ ಬರೆದರು. ಲೋಕದಲ್ಲೇ ಇಲ್ಲದ ಈ ಇಬ್ಬರು ಹುಡುಗಿಯರಿಗೆ ತಾವು ನೂರಕ್ಕೆ ತೊಂಬತ್ತೆಂಟು ಹೊಂದಾಣಿಕೆ ಎಂದು ಪ್ರಮಾಣಪತ್ರ ಕೊಟ್ಟು ಒಂದೇ ಕೋಣೆ ಮಂಜೂರು ಮಾಡಿದಿರಿ. ಅವರು ಎಲ್ಲಿದ್ದಾರೋ, ಸುಖವಾಗಿರಲಿ. ಅವರ ಬದಲಿಗೆ ಬಂದವರು ನಾವಿಬ್ಬರು.

ಬಂದವಳು ದಂತವೈದ್ಯಕೀಯ ಓದುವವಳು. ಮಹಡಿಯವರೆಲ್ಲ ಅವಳಿಗಿಟ್ಟ ಹೆಸರು ಅಲಾರಮ್ಮ. ಅವಳ ಫೋನು ಬೆಳಗ್ಗೆ ಆರೂಕಾಲಿನಿಂದ ಆರೂಮುಕ್ಕಾಲಿನವರೆಗೆ ಐದೈದು ನಿಮಿಷಕ್ಕೊಂದರಂತೆ ಏಳು ಸಲ ಬಡಿದುಕೊಳ್ಳುತ್ತದೆ, ಅದೂ ಬಾಗಿಲ ಪಕ್ಕದ ಬೀರುವಿನ ನೆತ್ತಿಯ ಮೇಲೆ ಕುಳಿತು. ಅವಳು ಮಗ್ಗುಲೂ ಬದಲಿಸುವುದಿಲ್ಲ. ಫೋನಿನ ಬೀಗ ಅವಳಿಗೊಬ್ಬಳಿಗೇ ಗೊತ್ತಿರುವುದರಿಂದ ನಾನು ಏಳು ಸಲ ಎದ್ದು, ಏಳು ಸಲ ಕುರ್ಚಿ ಹತ್ತಿ, ಒಂದೊಂದನ್ನೇ ಬಾಯಿ ಮುಚ್ಚಿಸಬೇಕು. ಆ ಕುರ್ಚಿಯ ಮೇಲೆ ಅವಳ ಒದ್ದೆ ಟವೆಲು. ಇನ್ನು ಹಲ್ಲಿನ ಆಕಾರ ಕೆತ್ತಿ ಕಲಿಯುವುದು ಅವರ ಓದಿನ ಭಾಗವಂತೆ. ಮೇಣ ಮುಗಿದರೆ ಸೋಪು, ತನ್ನ ಸೋಪು ಮುಗಿದರೆ ನನ್ನದು. ಹೀಗಾಗಿ ಮೊದಲ ಎರಡು ವಾರ ನಾನು ದವಡೆಹಲ್ಲಿನಿಂದ ಮೈ ತೊಳೆದುಕೊಂಡೆ. ಬೇರುಗಳು ಚುಚ್ಚುತ್ತಿದ್ದವು. ರೋಸಿಹೋಗಿ, ಹನ್ನೊಂದು ಅಂಶಗಳ ದೂರನ್ನು ತಮಗೆ ಸಲ್ಲಿಸಿದೆ. ಅಲಾರಂ ಅದರಲ್ಲಿ ಮೊದಲನೆಯದು. ತಾವು ಕೂಡಲೇ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರಿಸಿದಿರಿ.

ತಾವು ಪರಿಶೀಲಿಸುತ್ತಿದ್ದ ಏಳು ತಿಂಗಳಲ್ಲಿ ಇಲ್ಲಿ ಏನೇನೋ ಆಗಿಹೋಯಿತು. ನನ್ನ ವಾದ ಅಭ್ಯಾಸಕ್ಕೆ ನ್ಯಾಯಾಧೀಶರು ಬೇಕೆಂದಾಗ ಅವಳು ಬಕೆಟ್ಟು ಕವುಚಿ ಅದರ ಮೇಲೆ ಕುಳಿತು, ಅದೇ ಒದ್ದೆ ಟವೆಲನ್ನು ತಲೆಗೆ ಹಾಕಿಕೊಂಡು ಪ್ರತಿ ಸಲವೂ ನನ್ನ ವಿರುದ್ಧವೇ ತೀರ್ಪು ಕೊಟ್ಟಳು. ಅವಳಿಗೆ ಬಾಯಿ ಬೇಕೆಂದಾಗ ನಾನು ಟಾರ್ಚಿನ ಬೆಳಕಿಗೆ ಅರ್ಧರ್ಧ ಗಂಟೆ ಬಾಯಿ ತೆರೆದು ಕುಳಿತೆ; ಮಾತಾಡದೆ ನಾನು ಕುಳಿತ ದಾಖಲೆ ಅದೊಂದೇ. ದೂರು ಕೊಟ್ಟಿದ್ದು ನನಗೆ ಮರೆತೇ ಹೋಗಿತ್ತು. ತಮಗೆ ಮರೆಯಲಿಲ್ಲ. ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ತಾವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿರಿ: ಸೂರೆ ಹೊಡೆದವರೂ ಊರಿನವರೂ ಒಂದಾಗಿ ಸುಖವಾಗಿರುವಾಗ ಬಾಗಿಲು ಹಾಕಿದಿರಿ.

ಕಳೆದ ಸೋಮವಾರ ನಮ್ಮ ಬಾಗಿಲಿಗೆ ತಮ್ಮ ಆದೇಶ ಅಂಟಿತ್ತು. ಶನಿವಾರದಿಂದ ಅವಳು ಹಿಂದಿನ ಕಟ್ಟಡಕ್ಕೆ. ನನ್ನ ಕೋಣೆಗೆ ನೂರಕ್ಕೆ ತೊಂಬತ್ತೊಂಬತ್ತು ಹೊಂದುವ, ನಿಜಕ್ಕೂ ಐದಕ್ಕೆ ಏಳುವ ಹೊಸಬಳು. ಕೆಳಗೆ, ಪಾರದರ್ಶಕತೆಯ ದೃಷ್ಟಿಯಿಂದ, ನನ್ನ ಹನ್ನೊಂದೂ ದೂರುಗಳು ದಪ್ಪಕ್ಷರದಲ್ಲಿ. ಸ್ನಾನಕ್ಕೆ ಹೊರಟ ಇಡೀ ಮಹಡಿ ನಿಂತು ಓದಿತು. ಆ ಗದ್ದಲಕ್ಕೆ ಎದ್ದ ಅವಳೂ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಮೇಲಿನಿಂದ ಕೆಳಗಿನವರೆಗೆ ಓದಿದಳು, ಬಾಯಿ ತೊಳೆದು ಬಂದು ಇಷ್ಟೇ ಅಂದಳು: “ನನ್ನ ಕ್ಲಾಸು ಹತ್ತಕ್ಕೆ ಕಣೇ. ಏಳೂವರೆಗೆ ಇರೋದು ನಿಂದು. ಆ ಅಲಾರಂ ಎಲ್ಲ ಯಾರಿಗೆ ಅಂದ್ಕೊಂಡಿದ್ದೆ?”

ಅಯ್ಯೋ, ಆಗ ನೆನಪಾಯಿತು. ಬಂದ ಮೊದಲ ದಿನ, ಹೆಸರು ಕೇಳುವುದಕ್ಕೂ ಮುಂಚೆ, ಅಮ್ಮ ಹೊದಿಕೆ ಕಿತ್ತೆಳೆಯದೆ ನಾನು ಎದ್ದವಳೇ ಅಲ್ಲ, ಇಲ್ಲಿ ನನ್ನ ಗತಿಯೇನೋ ಎಂದು ಅವಳ ಮುಂದೆ ಗೋಳಾಡಿದ್ದೆ. ನಾನು ಆಡಿ ಮರೆತೆ. ಅವಳು ಫೋನನ್ನು ಬೀರುವಿನ ಮೇಲೆ ಹತ್ತಿಸಿದಳು. ಮಂಗಳವಾರ ಒಂದೂ ಅಲಾರಂ ಹೊಡೆಯಲಿಲ್ಲ. ಎದ್ದಾಗ ಒಂಬತ್ತು ದಾಟಿತ್ತು, ನನ್ನ ಮೌಖಿಕ ಪರೀಕ್ಷೆ ನಾನಿಲ್ಲದೆಯೇ ಮುಗಿದಿತ್ತು. ಕುರ್ಚಿಯ ಮೇಲೆ ಟವೆಲಿರಲಿಲ್ಲ. ಸೋಪು ಸೋಪಿನಂತೆಯೇ ಇತ್ತು. ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ ಎಂದ ಅತ್ತಿಗೆಯ ಮಾತು ಕೊನೆಗೂ ನಿಜವಾಯಿತು. ಪರೀಕ್ಷೆಗಿಂತ ಅದಕ್ಕೇ ನನಗೆ ಹೆಚ್ಚು ಅಳು ಬಂತು, ನಾಚಿಕೆಯೂ ಆಯಿತು.

ವಾರ್ಡನ್ ಮೇಡಂ ಬಳಿ ಓಡಿದರೆ, “ನನ್ನ ಕೈಲೇನಿದೆಯಮ್ಮಾ, ಎಲ್ಲ ಆ ಯಂತ್ರದ್ದೇ ದರ್ಬಾರು. ಬೇಕಿದ್ರೆ ಇನ್ನೊಂದು ದೂರು ಕೊಡು” ಅಂದರು. ತಮ್ಮಲ್ಲಿ ದೂರು ಕೊಡಲು ಗುಂಡಿಯಿದೆ, ಹಿಂದಕ್ಕೆ ಪಡೆಯಲು ಇಲ್ಲ. ಆದ್ದರಿಂದ ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಈ ದೂರನ್ನು ನನ್ನ ಮೇಲೆಯೇ ಸಲ್ಲಿಸುತ್ತಿದ್ದೇನೆ. ಕಿಟಕಿ ಪಕ್ಕದ ಮಂಚದವಳು ಉಪಕಾರವನ್ನು ಉಪದ್ರವವೆಂದು ಬರೆದುಕೊಟ್ಟಿದ್ದಾಳೆ, ದಯಮಾಡಿ ವಿಚಾರಿಸಿ. ಯಾರನ್ನಾದರೂ ಬೇರ್ಪಡಿಸಲೇಬೇಕೆಂದು ತಮ್ಮ ನಿಯಮದಲ್ಲಿದ್ದರೆ, ಐದಕ್ಕೆ ಏಳುವ ಆ ಇಬ್ಬರು ಮಿತಭಾಷಿಗಳನ್ನು ಹುಡುಕಿ ಬೇರೆ ಬೇರೆ ಕಟ್ಟಡಕ್ಕೆ ಹಾಕಿ, ನಮ್ಮ ತಕರಾರಿಲ್ಲ. ನಮ್ಮನ್ನು ಮಾತ್ರ ಇದ್ದಲ್ಲೇ ಬಿಡಿ. ಬೇಕಾದರೆ ನನ್ನ ಸೋಪುಗಳನ್ನೆಲ್ಲ ಮುಂಗಡವಾಗಿ ಜಪ್ತಿ ಮಾಡಿ ಅವಳಿಗೆ ಕೊಡಿ. ಬಾಚಿಹಲ್ಲು, ಕೋರೆಹಲ್ಲು, ಯಾವುದರಲ್ಲಿ ಬೇಕಾದರೂ ಮೈ ತೊಳೆದುಕೊಳ್ಳುತ್ತೇನೆ.

ಆದೇಶವನ್ನು ತಾವು ಬಾಗಿಲಿಗೆ ಅಂಟಿಸಿದ್ದರಿಂದ ಈ ಪತ್ರವನ್ನೂ ಅದರ ಮೇಲೆಯೇ ಅಂಟಿಸುತ್ತಿದ್ದೇನೆ. ಮೂರು ಮಹಡಿ ಹತ್ತಿ ಬಂದು ಓದಲು ತಮಗೆ ಕಾಲಿಲ್ಲವೆಂಬುದು ಗೊತ್ತು. ಓದಬೇಕಾದವಳು ದಿನಕ್ಕೆ ಹತ್ತು ಸಲ ಆ ಬಾಗಿಲಲ್ಲೇ ಓಡಾಡುತ್ತಾಳೆ.

ಇಂತು, ಒಂಬತ್ತು ದಾಟಿದ ಮೇಲೆ ಎಚ್ಚರವಾಗುವ
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮಂಚದವಳು

ಮರೆತ ಮಾತು: ಪತ್ರ ಅಂಟಿಸಿ ಸ್ನಾನ ಮಾಡಿ ಬರುವಷ್ಟರಲ್ಲಿ ಕೆಳಗಡೆ ಯಾರೋ ನೀಲಿ ಶಾಯಿಯಲ್ಲಿ ಬರೆದಿದ್ದಾರೆ: “ಏಳಲ್ಲ, ಎಂಟು. ಎಂಟನೇದು ಒಂಬತ್ತೂವರೆಗೆ, ಅದು ನಂದು. ನೀನು ಕ್ಲಾಸಲ್ಲಿರ್ತೀಯ, ಅದನ್ನ ಕೇಳಿ ನನ್ನ ಎಬ್ಬಿಸೋರು ಯಾರೂ ಇಲ್ಲ, ಅದಕ್ಕೇ ದಿನಾ ತಡವಾಗಿ ಹೋಗ್ತೀನಿ.” ಕುರ್ಚಿಯ ಮೇಲೆ ಒದ್ದೆ ಟವೆಲು ಬಿದ್ದಿದೆ. ಆದಕಾರಣ ದಾಖಲೆಯಲ್ಲಿ ಎಂಟೆಂದು ತಿದ್ದಿಕೊಳ್ಳಿ; ನಾಳೆಯಿಂದ ಒಂಬತ್ತೂವರೆಗೆ ಕ್ಲಾಸಿನ ಹೊರಗೆ ಬಂದು ಅವಳು ಏಳುವವರೆಗೂ ಫೋನು ಮಾಡುವ ಹೊಣೆ ನನ್ನದು. ಶನಿವಾರ ಬರಲಿರುವ, ನಿಜಕ್ಕೂ ಐದಕ್ಕೆ ಏಳುವ ಆ ಹುಡುಗಿಯನ್ನು ದಯವಿಟ್ಟು ನಮ್ಮ ಅಮ್ಮನ ವಿಳಾಸಕ್ಕೆ ಕಳುಹಿಸಿಕೊಡಿ. ಪಾಪ, ಅವಳಿಗಾಗಿ ಅವರು ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದಾರೆ.